ಸ್ವರ್ಗದಲ್ಲಿ ಯಜಮಾನರು ಸಿಗುತ್ತಾರಾ?

ಪ್ರಶ್ನೆ: ನಾವು ಕಥೋಲಿಕರು. ಯಜಮಾನರು ತೀರಿಕೊಂಡು ಮೂರು ತಿಂಗಳಾಯಿತು. ಸ್ವರ್ಗದಲ್ಲಿ ಮದುವೆಯೇ ಇಲ್ಲವೆಂದು ಯೇಸು ಹೇಳಿದ್ದಾರಂತೆ. ಹಾಗಾದರೆ ಅವರು ಮತ್ತೆ ಸಿಗುವುದಿಲ್ಲವೇ? ನವೆಂಬರಿನಲ್ಲಿ ಅವರಿಗಾಗಿ ಏನು ಮಾಡಲಿ?

ಉತ್ತರ: ಸಿಗುತ್ತಾರೆ ಎಂಬುದೇ ಧರ್ಮಸಭೆಯ ಭರವಸೆ, ತಾಯಿ. ಯೇಸುವಿನ ಆ ಮಾತಿರುವ ಮತ್ತಾಯ 22:30 ಒಂದನ್ನೇ ಕಿತ್ತು ಓದಿದರೆ ಎಡವುತ್ತೇವೆ. ಒಬ್ಬರು ಸತ್ತ ಮೇಲೆ ಇನ್ನೊಬ್ಬರಂತೆ ಏಳು ಅಣ್ಣತಮ್ಮಂದಿರನ್ನು ಮದುವೆಯಾದವಳು ಕೊನೆಗೆ ಯಾರ ಹೆಂಡತಿ ಎಂದು, ಸತ್ತವರ ಪುನರುತ್ಥಾನವನ್ನೇ ನಂಬದ ಸದ್ದುಕಾಯರು ಎಂಬ ಯೆಹೂದಿ ಪಂಥದವರು ಕೇಳಿದ ಕೊಂಕಿಗೆ ಅದು ಉತ್ತರ. ಅಲ್ಲಿ ಇಲ್ಲವಾಗುವುದು ಮದುವೆಯ ಕಟ್ಟು. ಪ್ರೀತಿಯಲ್ಲ, ಗುರುತೂ ಅಲ್ಲ. 1 ಥೆಸಲೋನಿಕ 4:17ರಲ್ಲಿ ಪೌಲರು ಸತ್ತವರ ಬಗ್ಗೆ, ನಾವು ‘ಅವರೊಂದಿಗೆ’ ಪ್ರಭುವನ್ನು ಎದುರುಗೊಳ್ಳುತ್ತೇವೆ ಎಂದೇ ಬರೆದಿದ್ದಾರೆ.

ನವೆಂಬರ್ 1ರಿಂದ 8ರೊಳಗೆ ಸಮಾಧಿಭೂಮಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿ, ಮನಸ್ಸಿನಲ್ಲೇ ಆದರೂ ಸರಿ. ಅವರಿಗೆ ಪೂರ್ಣ ದಂಡವಿಮೋಚನೆ (ಕ್ಷಮೆಯಾದ ಪಾಪಗಳಿಗೆ ಉಳಿದ ಶಿಕ್ಷೆಯೆಲ್ಲ ಮನ್ನಾ) ಸಿಗಲು ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಬೇಕು. ಪೋಪರ ಉದ್ದೇಶಗಳಿಗೆ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಸಾಕು. ಪಾಪದ ಮೇಲೆ ಮೋಹವೂ ಇರಬಾರದು. ಲೆಕ್ಕ ತಪ್ಪುವುದು ಇಲ್ಲಿ: ನಿವೇದನೆ ಒಮ್ಮೆ ಮಾಡಿದರೆ ಹಲವು ದಿನಕ್ಕಾಗುತ್ತದೆ, ಪರಮಪ್ರಸಾದವೂ ಆ ಪ್ರಾರ್ಥನೆಯೂ ಒಂದೊಂದು ವಿಮೋಚನೆಗೂ ಬೇರೆಬೇರೆ ಆಗಬೇಕು, ಆಯಾ ದಿನವೇ ಆದರೆ ಒಳ್ಳೆಯದು. ದಿನಕ್ಕೆ ಒಂದೇ ಪೂರ್ಣ ವಿಮೋಚನೆ. ಷರತ್ತು ಕುಂದಿದರೆ ಅದು ಭಾಗಶಃ ಮಾತ್ರ. ಮೇಣದಬತ್ತಿ, ಹೂವು ನಿಮ್ಮಿಷ್ಟ.