108ಕ್ಕೆ ಕರೆ ಮಾಡಿದ ಮೇಲೆ ಕಾಯಬೇಕೇ, ಹೊರಡಬೇಕೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂಟಿಮನೆ. ಟಾರು ರಸ್ತೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಹೋದ ಮಳೆಗಾಲದಲ್ಲಿ ರಾತ್ರಿ ಅಪ್ಪಯ್ಯನಿಗೆ ಎದೆನೋವು ಬಂದು 108ಕ್ಕೆ ಫೋನ್ ಮಾಡಿದಾಗ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಗಾಡಿ ಕಳಿಸುವುದು ಬಿಟ್ಟು ಇಷ್ಟೆಲ್ಲ ಏಕೆ ಕೇಳುತ್ತಾರೆ? ಮನೆಯಲ್ಲಿ ಜೀಪಿದೆ. ಇನ್ನೊಮ್ಮೆ ಹೀಗಾದರೆ ಕಾಯಬೇಕೇ, ನಾವೇ ಹೊರಡಬೇಕೇ?

ಉತ್ತರ: ನಿಮ್ಮ ಕರೆ ಹೊಸನಗರದಲ್ಲಿ ರಿಂಗಾಗುವುದಿಲ್ಲ. 2008ರ ನವೆಂಬರ್‌ನಲ್ಲಿ ‘ಆರೋಗ್ಯ ಕವಚ’ ಎಂಬ ಈ ಸರ್ಕಾರಿ ಆಂಬುಲೆನ್ಸ್ ಸೇವೆ ಶುರುವಾದಾಗಿನಿಂದ 108ರ ಕರೆಗಳನ್ನು ಎತ್ತಿಕೊಳ್ಳುವುದು ಬೆಂಗಳೂರಿನ ಕೇಂದ್ರದಲ್ಲಿ. ಅಲ್ಲಿ ಕುಳಿತವರು ಮಲೆನಾಡನ್ನು ನೋಡಿಯೇ ಇರಲಿಕ್ಕಿಲ್ಲ. ‘ದೇವಸ್ಥಾನದ ಹಿಂದಿನ ತೋಟದ ಮನೆ’ ಎಂದರೆ ಅವರಿಗೆ ಏನೂ ಹೊಳೆಯುವುದಿಲ್ಲ. ಎಲ್ಲಿ, ಏನಾಗಿದೆ, ವಯಸ್ಸೆಷ್ಟು, ಎಚ್ಚರವಿದೆಯೇ, ಉಸಿರಾಟ ಹೇಗಿದೆ ಎಂದು ಅವರು ಕೇಳಿ ಬರೆದುಕೊಳ್ಳುವುದು ಆಮೇಲೆ ಹತ್ತಿರದಲ್ಲಿ ಯಾವ ಗಾಡಿ ಖಾಲಿ ಇದೆ ಎಂದು ನೋಡಿ ಕಳಿಸುವುದಕ್ಕೆ. ಸಾಮಾನ್ಯ ಗಾಡಿ ಸಾಕೇ, ವೆಂಟಿಲೇಟರ್ ಇರುವುದು ಬೇಕೇ ಎಂಬುದೂ ನಿಮ್ಮ ಉತ್ತರದಿಂದಲೇ ಗೊತ್ತಾಗಬೇಕು.

ನಮ್ಮಲ್ಲಿ ಹೊತ್ತು ಹೋಗುವುದು ಹೆಚ್ಚಾಗಿ ವಿಳಾಸದಲ್ಲಿ. ಒಂದೇ ಹೆಸರಿನ ಹಳ್ಳಿಗಳು ತಾಲ್ಲೂಕಿಗೆ ಎರಡು ಮೂರು ಇರುತ್ತವೆ. ಆದ್ದರಿಂದ ಮೊದಲು ತಾಲ್ಲೂಕು, ಆಮೇಲೆ ಗ್ರಾಮ ಪಂಚಾಯಿತಿ, ಅನಂತರ ಊರು ಹೇಳಿ. ಬಸ್ಸು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಶಾಲೆಯೋ ಹಾಲಿನ ಡೇರಿಯೋ ಎಷ್ಟು ದೂರ, ನಡುವೆ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಇದೆಯೇ, ಮರ ಬಿದ್ದಿದೆಯೇ ಎನ್ನುವುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ. ‘ಗಾಡಿ ಮನೆ ಬಾಗಿಲಿಗೆ ಬರುತ್ತದೆ’ ಎಂದು ಧೈರ್ಯ ತುಂಬಿ, ಅವರು ದಣಪೆಯ (ಬೇಲಿಯ ಬಾಗಿಲಿನ) ಹತ್ತಿರ ಕೆಸರಿನಲ್ಲಿ ಹೂತುಕೊಂಡರೆ ಯಾರಿಗೂ ಉಪಕಾರವಿಲ್ಲ. ಟಾರ್ಚು ಹಿಡಿದು ಒಬ್ಬರು ಟಾರು ರಸ್ತೆಯಲ್ಲಿ ನಿಂತಿರಲಿ. ಗಾಡಿಯಲ್ಲಿ ಇರುವವರು ಇಬ್ಬರೇ, ಒಬ್ಬ ತುರ್ತು ತಂತ್ರಜ್ಞ, ಒಬ್ಬ ಚಾಲಕ. ಸ್ಟ್ರೆಚರ್ ಹೊರಲು ನಾಲ್ಕು ಜನ ಬೇಕು. ಮನೆಯಲ್ಲಿ ಜನ ಕಡಿಮೆ ಇದ್ದರೆ ಆಚೆಮನೆಯವರನ್ನು ಎಬ್ಬಿಸಿ.

ಇನ್ನೊಂದು. ಕರೆ ಮಾಡಿದ ಫೋನಿನಿಂದಲೇ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿಸುತ್ತ ಕೂರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಾರಿ ಕೇಳಲು ಗಾಡಿಯವರು ಫೋನ್ ಮಾಡುವುದು ಅದೇ ನಂಬರಿಗೆ. ಅದನ್ನು ಖಾಲಿ ಬಿಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೆ ಎಲ್ಲ ತುರ್ತಿಗೂ ಇರುವ 112ಕ್ಕೆ ಪ್ರಯತ್ನಿಸಿ, ಆ ಕರೆಗೆ ಬೇರೆ ಕಂಪನಿಯ ಸಿಗ್ನಲ್ ಸಿಕ್ಕರೂ ಸಾಕಾಗುತ್ತದೆ.

ಈಗ ಜೀಪಿನ ವಿಷಯ. ನಿಮ್ಮ ಹೋಬಳಿಯ ಗಾಡಿ ಆಗಲೇ ಒಬ್ಬ ಬಸುರಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದಿರಬಹುದು. ಹೋಗಲು ಅರವತ್ತು ಎಪ್ಪತ್ತು ಕಿಲೋಮೀಟರ್, ಬರಲು ಅಷ್ಟೇ. ಆಗ ನಿಮಗೆ ಬರಬೇಕಾದದ್ದು ಪಕ್ಕದ ಹೋಬಳಿಯ ಗಾಡಿ. ಅದಕ್ಕೇ, ಎಷ್ಟು ಹೊತ್ತಾಗಬಹುದು ಎಂದು ಕೇಳಿಬಿಡಿ. ತಡ ಎಂದರೆ ‘ನಾವು ಜೀಪಿನಲ್ಲಿ ಇಂಥ ಸರ್ಕಲ್‌ವರೆಗೆ ಬರುತ್ತೇವೆ, ಅಲ್ಲಿ ಸಿಗಿ’ ಎಂದು ಹೇಳಿ, ಅವರು ಒಪ್ಪಿದ ಮೇಲೆ ಹೊರಡಿ. ಹೇಳದೆ ಹೊರಟರೆ ನೀವೊಂದು ದಾರಿ, ಗಾಡಿಯೊಂದು ದಾರಿ. ಎದೆನೋವಿನವರನ್ನು ನಡೆಸಬೇಡಿ, ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಿ. ಗ್ಯಾಸ್ಟ್ರಿಕ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿಸಿ ಒಂದು ತಾಸು ಕಾದು ನೋಡುವ ನಮ್ಮವರ ಅಭ್ಯಾಸ ಆಂಬುಲೆನ್ಸಿನ ತಡಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ. ಆಚೆಮನೆಯವರಿಗೆಂದು ವೈದ್ಯರು ಕೊಟ್ಟ, ನಾಲಿಗೆಯ ಕೆಳಗಿಡುವ ಎದೆನೋವಿನ ಮಾತ್ರೆಯೂ ಬೇಡ, ರಕ್ತದೊತ್ತಡ ಮೊದಲೇ ಇಳಿದಿದ್ದರೆ ಅದು ಅಪಾಯ.

ಆದರೆ ಅಡಿಕೆ ಮರದಿಂದ ಬಿದ್ದ ಕೊನೆಗೌಡನನ್ನು (ಮರ ಹತ್ತಿ ಗೊನೆ ಇಳಿಸುವವನನ್ನು) ಜೀಪಿಗೆ ತುಂಬಬೇಡಿ. ಕತ್ತು, ಬೆನ್ನು ಅಲುಗಾಡದಂತೆ ಕಾಲರ್ ಹಾಕಿ ಹಲಗೆಗೆ ಕಟ್ಟಿ ಒಯ್ಯುವ ಸಾಮಾನು ಆಂಬುಲೆನ್ಸಿನಲ್ಲಿದೆ, ನಿಮ್ಮಲ್ಲಿಲ್ಲ. ಅಲ್ಲಿ ಕಾಯುವುದೇ ಸರಿ. ಉಸಿರೇ ನಿಂತವರ ಮಾತು ಬೇರೆ. ಅವರಿಗೆ ಗಾಡಿ ಬರುವತನಕ ಎದೆ ಒತ್ತುತ್ತಿರಬೇಕು. ಹೇಗೆ ಎಂದು ಫೋನಿನಲ್ಲೇ ಕೇಳಿ, ಕರೆ ಕತ್ತರಿಸಬೇಡಿ.

ಗಾಡಿ ಬಂದ ಮೇಲೆ ‘ನೇರ ಮಣಿಪಾಲಕ್ಕೆ’ ಎಂದು ಹಟ ಹಿಡಿಯುವುದು ತೀರ್ಥಹಳ್ಳಿ, ಹೊಸನಗರದ ಕಡೆ ಮಾಮೂಲು. ಮಳೆಗಾಲದ ರಾತ್ರಿ ಆಗುಂಬೆ ಘಾಟಿ ಇಳಿಯುವುದಕ್ಕಿಂತ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಇಸಿಜಿ ಆಗಲಿ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಅದು ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು.

ಪ್ರಶ್ನೆ: ಹಾವು ಕಚ್ಚಿದರೆ ಆಂಬುಲೆನ್ಸಿನವರೇ ಚುಚ್ಚುಮದ್ದು ಏಕೆ ಕೊಡುವುದಿಲ್ಲ? (ಸಾಗರದ ಓದುಗರು)

ಉತ್ತರ: ಪ್ರತಿವಿಷಕ್ಕೆ ಕೆಲವರ ಮೈ ತಟ್ಟನೆ ತಿರುಗಿ ಬೀಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಉಸಿರು ಕಟ್ಟುತ್ತದೆ. ಅದನ್ನು ವೈದ್ಯರಿರುವ ಕಡೆಯೇ ಕೊಡಬೇಕು. ಜೊತೆಗೆ ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಅಡಿಕೆ, ಏಲಕ್ಕಿ ತೋಟದ ಗುಳಿಮಂಡಲಕ್ಕೂ ಕಾಳಿಂಗಕ್ಕೂ ಅದು ನಾಟುವುದಿಲ್ಲ. ಗಾಡಿಯವರು ಮಾಡುವುದು ಉಸಿರಾಟ ಕಾಪಾಡಿ ಕರೆದೊಯ್ಯುವ ಕೆಲಸ. ನೀವು ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಹಾವನ್ನು ಹೊಡೆಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದೂ ಬೇಡ.

ಪ್ರಶ್ನೆ: ಗಾಡಿಗೆ ಹಣ ಕೊಡಬೇಕೇ? ಹೆರಿಗೆ ಮುಗಿದ ಮೇಲೆ ಅವರೇ ಮನೆಗೆ ಬಿಡುತ್ತಾರೆಯೇ? (ಸೊರಬದ ಓದುಗರು)

ಉತ್ತರ: ಕರೆಯೂ ಉಚಿತ, ಗಾಡಿಯೂ ಉಚಿತ. ಆದರೆ 108 ತುರ್ತಿಗೆ ಮಾತ್ರ, ವಾಪಸ್ ಬಿಡುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯನ್ನೂ ಮಗುವನ್ನೂ ಮನೆಗೆ ಬಿಡಲು ‘ನಗು-ಮಗು’ ವಾಹನವಿದೆ. ಬಿಡುಗಡೆಯ ಹಿಂದಿನ ದಿನವೇ ವಾರ್ಡಿನ ನರ್ಸ್ ಹತ್ತಿರ ಹೇಳಿಡಿ.