ಉಟ್ರೆಕ್ಟ್‌ಗೆ ಹೋಗುವ ಮಗಳು ಬಂದಿಳಿದ ತಕ್ಷಣ ಸೈಕಲ್ ಕೊಳ್ಳಬೇಕಾ?

ಪ್ರಶ್ನೆ: ಮಗಳಿಗೆ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಅಲ್ಲಿ ಎಲ್ಲರೂ ಸೈಕಲ್‌ನಲ್ಲೇ ಓಡಾಡುತ್ತಾರಂತೆ. ಇವಳು ಹೈಸ್ಕೂಲ್ ಮುಗಿದ ಮೇಲೆ ಸೈಕಲ್ ಮುಟ್ಟಿಲ್ಲ. ಬಸ್ಸು, ಟ್ರಾಮ್ ಸಾಲದಾ?
– ಮೈಸೂರಿನ ಓದುಗರು

ಉತ್ತರ: ಮೊದಲ ಎರಡು ವಾರ ಸೈಕಲ್ ಬೇಡ. ಟ್ರಾಮ್ ಸಾಕು. ಊರಿನ ಪೂರ್ವಕ್ಕಿರುವ ಸೈನ್ಸ್ ಪಾರ್ಕ್‌ನಲ್ಲಿ ವಿಶ್ವವಿದ್ಯಾಲಯದ ಬಹಳಷ್ಟು ವಿಭಾಗಗಳಿವೆ. ಸೆಂಟ್ರಲ್ ರೈಲು ನಿಲ್ದಾಣದಿಂದ 22ನೇ ನಂಬರಿನ ಟ್ರಾಮ್ ಅಲ್ಲಿಗೆ ಹೋಗುತ್ತದೆ. ಇದು ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ 12ನೇ ನಂಬರಿನ ಬಸ್ಸೇ ಗತಿ. ಎರಡು ಕಡೆ ಬಾಗುವ ಅಷ್ಟುದ್ದದ ಬಸ್ಸುಗಳನ್ನು ಓಡಿಸಿದರೂ ಬೆಳಗಿನ ಹೊತ್ತು ಕಾಲಿಡಲು ಜಾಗ ಸಿಗುತ್ತಿರಲಿಲ್ಲ.

ಆ ಎರಡು ವಾರ ಅವಳು ರಸ್ತೆ ನೋಡಲಿ. ಅಲ್ಲಿ ಗಾಡಿಗಳು ಬಲಗಡೆ ಹೋಗುತ್ತವೆ. ನಮ್ಮವರು ರಸ್ತೆ ದಾಟುವಾಗ ಅಭ್ಯಾಸಬಲದಿಂದ ಮೊದಲು ಬಲಕ್ಕೆ ನೋಡುತ್ತಾರೆ, ಅಷ್ಟರಲ್ಲಿ ಎಡದಿಂದ ಸೈಕಲ್ ಬಂದಿರುತ್ತದೆ. ಕೆಂಪು ಡಾಂಬರಿನ ಪಟ್ಟಿ ಕಂಡರೆ ಅದು ಸಾಮಾನ್ಯವಾಗಿ ಸೈಕಲ್ ದಾರಿ. ಫೋಟೋ ತೆಗೆಯಲು ಅದರ ಮೇಲೆ ನಿಲ್ಲಲೇಬಾರದು. ರಸ್ತೆಯ ಮೇಲೆ ಬಿಳಿ ತ್ರಿಕೋನಗಳ ಸಾಲು ಇರುತ್ತದೆ, ಅದನ್ನು ಡಚ್ಚರು ಶಾರ್ಕ್ ಹಲ್ಲು ಅಂತಾರೆ. ಅದರ ಚೂಪು ನಮ್ಮ ಕಡೆ ಇದ್ದರೆ ನಾವು ಅಡ್ಡರಸ್ತೆಯಲ್ಲಿ ಹೋಗುವವರಿಗೆ ದಾರಿ ಬಿಡಬೇಕು. ಯಾವ ಗುರುತೂ, ಸಿಗ್ನಲ್ಲೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ, ಬರುವುದು ಸೈಕಲ್ ಆದರೂ ಅಷ್ಟೇ. ಕಾರಿನವರು ನಿಜವಾಗಿಯೂ ನಿಲ್ಲುತ್ತಾರೆ! ಆದರೆ ಟ್ರಾಮಿನ ಮುಂದೆ ಈ ಲೆಕ್ಕ ನಡೆಯುವುದಿಲ್ಲ, ಅದಕ್ಕೆ ದಾರಿ ಬಿಡಲೇಬೇಕು.

ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳಲಿ. ಅಲ್ಲಿನ ಎಷ್ಟೋ ಹಳೇ ಸೈಕಲ್‌ಗಳಿಗೆ ಕೈ ಬ್ರೇಕ್ ಇರುವುದಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ನಮ್ಮಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿದರೆ ಏನೂ ಆಗುವುದಿಲ್ಲ ಅಲ್ವಾ, ಅದೇ ಅಭ್ಯಾಸದಲ್ಲಿ ಸುಮ್ನೆ ತಿರುಗಿಸಿದರೆ ಸೈಕಲ್ ಗಕ್ಕಂತ ನಿಂತು ಮುಗ್ಗರಿಸಬೇಕಾಗುತ್ತದೆ. ಮೊದಲು ಖಾಲಿ ಜಾಗದಲ್ಲಿ ಅಭ್ಯಾಸ ಮಾಡಲಿ. ಟ್ರಾಮ್ ಹಳಿ ದಾಟುವಾಗ ಆದಷ್ಟು ನೇರವಾಗಿ ದಾಟಬೇಕು, ಓರೆಯಾಗಿ ಹೋದರೆ ಚಕ್ರ ಹಳಿಯ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಕತ್ತಲಲ್ಲಿ ಮುಂದೆ, ಹಿಂದೆ ದೀಪ ಬೇಕು. ಸೈಕಲ್ ಮೇಲೆ ಕೈಯಲ್ಲಿ ಫೋನ್ ಹಿಡಿಯುವುದು 2019ರ ಜುಲೈನಿಂದ ಅಪರಾಧ. ಬೀಗ ಎರಡು ಇರಲಿ, ಒಂದು ಚಕ್ರಕ್ಕೆ, ಇನ್ನೊಂದು ಸರಪಳಿ. ಸೈಕಲ್ ಕಳ್ಳತನ ಅಲ್ಲಿ ಬಹಳ.

ನಿಲ್ಲಿಸಲು ಜಾಗದ ಚಿಂತೆ ಬೇಡ. ಸೆಂಟ್ರಲ್ ನಿಲ್ದಾಣದ ಮುಂದಿನ ಚೌಕದ ಕೆಳಗೆ 12,500 ಸೈಕಲ್ ಹಿಡಿಸುವ ಮೂರು ಹಂತದ ಜಾಗವಿದೆ. ಮೊದಲ 24 ಗಂಟೆ ದುಡ್ಡು ಕೊಡಬೇಕಿಲ್ಲ. ಒಳಗೇ ಸೈಕಲ್ ಓಡಿಸಿಕೊಂಡು ಹೋಗಿ, ಎಲ್ಲಿ ಖಾಲಿ ಇದೆ ಅಂತ ಬೋರ್ಡಿನಲ್ಲಿ ನೋಡಿ, ನಿಲ್ಲಿಸಿ ರೈಲು ಹತ್ತಬಹುದು. ಸಾರಿಗೆ ಕೆಲಸದವನಾಗಿ ಹೇಳುತ್ತೇನೆ, ನನಗೆ ಆ ಊರಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಮನೆ ಬಾಗಿಲಿಂದ ಪ್ಲಾಟ್‌ಫಾರಂವರೆಗೆ ಎಲ್ಲೂ ದಾರಿ ಕಡಿಯುವುದಿಲ್ಲ.

ಪ್ರಶ್ನೆ: ಅಪ್ಪ, ಅಮ್ಮನನ್ನು ಕರೆದುಕೊಂಡು ಒಂದು ವಾರ ನೆದರ್‌ಲೆಂಡ್ಸ್‌ಗೆ ಹೋಗುತ್ತಿದ್ದೇವೆ. ಟಿಕೆಟ್ ಎಲ್ಲಿ ತಗೊಳ್ಳಬೇಕು?
– ಹುಬ್ಬಳ್ಳಿಯ ಓದುಗರು

ಉತ್ತರ: 2023ರಿಂದ ದೇಶದಾದ್ಯಂತ ರೈಲು, ಬಸ್ಸು, ಟ್ರಾಮ್, ಮೆಟ್ರೋ ಎಲ್ಲದಕ್ಕೂ ಟಿಕೆಟ್ ಬದಲು ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಬಹುದು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ. ಹೊರಡುವ ಮುಂಚೆ ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ, ಎರಡನ್ನೂ ಆನ್ ಮಾಡಿ. ನಮ್ಮ ಕಾರ್ಡ್‌ಗಳಲ್ಲಿ ಇವು ಸಾಮಾನ್ಯವಾಗಿ ಆಫ್ ಇರುತ್ತವೆ. ಮೂವರಿಗೂ ಬೇರೆ ಬೇರೆ ಕಾರ್ಡ್ ಬೇಕು. ಹತ್ತುವಾಗ ತಾಗಿಸಿದ್ದನ್ನೇ ಇಳಿಯುವಾಗಲೂ ತಾಗಿಸಿ. ಹತ್ತುವಾಗ ಫೋನ್, ಇಳಿಯುವಾಗ ಕಾರ್ಡ್ ಅಂತ ಮಾಡಿದರೆ ಯಂತ್ರ ಅದನ್ನು ಇಬ್ಬರು ಅಂತ ತಿಳಿಯುತ್ತದೆ, ದುಡ್ಡು ಜಾಸ್ತಿ ಹೋಗುತ್ತದೆ. ಇಳಿಯುವಾಗ ತಾಗಿಸಲು ಮರೆತರೂ ಅದೇ ಕಥೆ.

ಪ್ರಶ್ನೆ: ನೆದರ್‌ಲೆಂಡ್ಸ್ ಮೊದಲಿಂದಲೂ ಸೈಕಲ್ ದೇಶ, ಅದಕ್ಕೇ ಇದೆಲ್ಲ ಸಾಧ್ಯವಾಯಿತು ಅಲ್ವಾ?
– ಶಿವಮೊಗ್ಗದ ಓದುಗರು

ಉತ್ತರ: ಸೈಕಲ್ ಮೊದಲಿಂದಲೂ ಇತ್ತು. ಆದರೆ 1950, 60ರ ದಶಕಗಳಲ್ಲಿ ಕಾರು ಬಂದು ಅದನ್ನು ಮೂಲೆಗೆ ತಳ್ಳಿತ್ತು. 1971ರಲ್ಲಿ, ಒಂದೇ ವರ್ಷದಲ್ಲಿ, ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ಬೀದಿಗಿಳಿದರು. ಅದರ ಬೆನ್ನಿಗೇ 1973ರ ತೈಲ ಬಿಕ್ಕಟ್ಟು ಬಂತು, ಭಾನುವಾರ ಕಾರು ತೆಗೆಯುವ ಹಾಗಿಲ್ಲ ಅಂತ ಸರ್ಕಾರ ಹೇಳಿತು. ಈಗ ನೋಡುವ ಕೆಂಪು ದಾರಿಗಳು ಆ ಸಿಟ್ಟು, ಆ ದುಃಖದ ನಂತರ ಒಂದೊಂದಾಗಿ ಹುಟ್ಟಿದವು.

ಉಟ್ರೆಕ್ಟ್ ಕೂಡ ತಪ್ಪು ಮಾಡಿದ ಊರೇ. ಹಳೇ ಊರಿನ ಸುತ್ತ ಒಂದು ಕಂದಕವಿದೆ. 1970ರ ದಶಕದಲ್ಲಿ ಅದರ ಒಂದು ಭಾಗದ ನೀರು ತೆಗೆದು, ಆ ಗುಂಡಿಯಲ್ಲೇ ಕಾರುಗಳಿಗೆ ದೊಡ್ಡ ರಸ್ತೆ ಮಾಡಿದರು. ನಿಲ್ದಾಣದ ಸುತ್ತಲಿನ ಜಾಗ ಹೇಗಿರಬೇಕು ಅಂತ 2002ರಲ್ಲಿ ಮತದಾನ ನಡೆದಾಗ, ನೀರು ವಾಪಸ್ ತರುವ ಯೋಜನೆಯನ್ನೇ ಜನ ಗೆಲ್ಲಿಸಿದರು. ಕಂದಕ ಮತ್ತೆ ಸುತ್ತಲೂ ಕೂಡಿಕೊಂಡದ್ದು 2020ರ ಸೆಪ್ಟೆಂಬರ್‌ನಲ್ಲಿ. ಹದಿನೆಂಟು ವರ್ಷ ಹಿಡಿಯಿತು. ಮೈಸೂರಿನ ಆ ಹುಡುಗಿ ನಿಲ್ದಾಣದಿಂದ ಹಳೇ ಊರಿನ ಕಡೆ ಸ್ವಲ್ಪ ನಡೆದರೆ ಸಾಕು, ಕಾರು ಓಡುತ್ತಿದ್ದ ಜಾಗದಲ್ಲಿ ಈಗ ದೋಣಿ ಹೋಗುವುದು ಕಾಣುತ್ತದೆ.