ಬಿಪಿ ಒಂದು ದಿನ 120, ಇನ್ನೊಂದು ದಿನ 155. ಹೃದಯಕ್ಕೆ ಪೆಟ್ಟು ಬಿದ್ದಿದೆ ಅಂತಲಾ?

ಇರಬಹುದು, ಆದರೆ ಅಷ್ಟರಿಂದಲೇ ಹೇಳಲಾಗದು. ಮಡಿಕೇರಿಯ ಏರು ಹತ್ತಿ ಬಂದು, ಕಾಫಿ ಕುಡಿದ ಕೂಡಲೇ ನೋಡಿದರೆ ಯಾರ ಬಿಪಿಯೂ ಜಾಸ್ತಿಯೇ ಬರುತ್ತದೆ. ದಿನಾ ಒಂದೇ ಹೊತ್ತಿಗೆ, ಐದು ನಿಮಿಷ ಸುಮ್ನೆ ಕೂತು ನೋಡಿದರೂ ಮೇಲಿನ ಅಂಕಿ ಹೀಗೆ ಕುಣಿಯುತ್ತಿದ್ದರೆ ಗಮನ ಕೊಡಿ.

ರಕ್ತನಾಳ ಮೆತ್ತಗಿದ್ದರೆ ಪ್ರತಿ ಬಡಿತಕ್ಕೂ ಹಿಗ್ಗಿ ಒತ್ತಡ ತಾಳಿಕೊಳ್ಳುತ್ತದೆ. ತೋಟಕ್ಕೆ ಔಷಧಿ ಹೊಡೆಯುವ ಪೈಪು ಹಳೆಯದಾದರೆ ಗಡುಸಾಗುತ್ತದಲ್ವಾ? ನಾಳವೂ ಹಾಗಾದಾಗ ಏರಿಳಿತ ಹೆಚ್ಚುತ್ತದೆ. ಆ ಗಡುಸು ನಾಳದ ಎದುರು ರಕ್ತ ತಳ್ಳಿ ತಳ್ಳಿ ಹೃದಯದ ಎಡ ಕೆಳಕೋಣೆಯ ಗೋಡೆ ದಪ್ಪವಾಗುತ್ತದೆ. ನೋವಿರುವುದಿಲ್ಲ, ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಕಾಣುತ್ತದೆ.

ಒಂದು ವಾರದ ಅಂಕಿ ಬರೆದುಕೊಂಡು ಡಾಕ್ಟರ ಬಳಿ ಹೋಗಿ. ಮಾತ್ರೆ ಆಗಾಗ ಮರೆಯುತ್ತಿದ್ದರೆ ಮುಚ್ಚಿಡಬೇಡಿ, ಎಷ್ಟೋ ಸಲ ಅದೇ ಕಾರಣ.